ಕಾವಿಗಿಟ್ಟ ತತ್ತಿ ಎಷ್ಟು ಹಗುರಾಗಬೇಕು?

ಜವಾರಿ ಕೋಳಿಯ 45 ಗ್ರಾಂ ತೂಕದ ತತ್ತಿ, ಕಾವಿಗಿಟ್ಟ 18ನೆಯ ದಿನಕ್ಕೆ ಸುಮಾರು ಐದೂವರೆ ಗ್ರಾಂ ಹಗುರಾಗಿರಬೇಕು. ಅಷ್ಟು ಹಗುರಾಗದಿದ್ದರೆ ಪೂರ್ತಿ ಬೆಳೆದ ಮರಿಯೂ ತತ್ತಿಯೊಳಗಿನ ನೀರಲ್ಲೇ ಉಸಿರುಗಟ್ಟಿ ಸಾಯುತ್ತದೆ. ಅದಕ್ಕಿಂತ ಬಹಳ ಹಗುರಾದರೆ ಒಣಗಿದ ಪೊರೆ ಮೈಗೆ ಅಂಟಿಕೊಂಡು, ಹೊರಬರಲಾರದೆ ಸಾಯುತ್ತದೆ. ಆಡೂರಿನಿಂದ ಸವಣೂರಿನವರೆಗೆ ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು ಕೂಡಿಸಿ ಮರಿ ಮಾಡಲು ಹೊರಟವರು ಯಾರೇ ಇರಲಿ, ಒಂದಲ್ಲ ಒಂದು ಸಲ ಎದುರಿಸುವ ಪ್ರಶ್ನೆ ಇದು: ಉಷ್ಣತೆ 37.5 ಡಿಗ್ರಿಯಲ್ಲೇ ನಿಂತಿತ್ತು, ಕರೆಂಟ್ ಕೈಕೊಡಲಿಲ್ಲ, ದಿನಾ ತತ್ತಿ ಹೊರಳಿಸಿದ್ದೂ ಆಯಿತು. ಆದರೂ 21ನೆಯ ದಿನ ಅರ್ಧಕ್ಕರ್ಧ ತತ್ತಿ ಒಡೆಯಲೇ ಇಲ್ಲ, ಒಡೆದು ನೋಡಿದರೆ ಒಳಗೆ ಗರಿ ಮೂಡಿದ ಮರಿ. ಯಾಕೆ?

ಆರಂಭದಲ್ಲೇ ಸತ್ತ ತತ್ತಿಗೆ ಹುಂಜ, ಉಷ್ಣತೆ, ಹಳೆಯ ತತ್ತಿ ಹೀಗೆ ಹಲವು ಕಾರಣಗಳಿರುತ್ತವೆ. ಕೊನೆಯ ಮೂರು ದಿನಗಳಲ್ಲಿ ಸತ್ತ ಮರಿಯ ಮಾತು ಬಂದಾಗ ಮಾತ್ರ ನೀರಿನ ಲೆಕ್ಕವನ್ನು ಮೊದಲು ನೋಡಬೇಕು. ನಮ್ಮಲ್ಲಿ ಎಲ್ಲರೂ ನೋಡುವುದು ಥರ್ಮಾಮೀಟರ್ ಒಂದನ್ನೇ. ತಕ್ಕಡಿಯನ್ನು ಯಾರೂ ಹತ್ತಿರಕ್ಕೆ ತರುವುದಿಲ್ಲ.

ತತ್ತಿಯ ಚಿಪ್ಪು ಕಣ್ಣಿಗೆ ಗಟ್ಟಿಯಾಗಿ, ಮುಚ್ಚಿದಂತೆ ಕಂಡರೂ ಅದು ರಂಧ್ರಮಯ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಆ ಗೋಡೆಯಲ್ಲಿ ಕೋಳಿತತ್ತಿಗಾದರೆ ಹತ್ತು ಸಾವಿರದ ಆಸುಪಾಸು ಸೂಕ್ಷ್ಮ ರಂಧ್ರಗಳಿರುತ್ತವೆ. ಮೊಂಡು ತುದಿಯ ಕಡೆ ಅವು ಹೆಚ್ಚು, ಚೂಪು ತುದಿಯ ಕಡೆ ಕಡಿಮೆ. ಮರಿಗೆ ಬೇಕಾದ ಆಮ್ಲಜನಕ ಈ ದಾರಿಯಲ್ಲೇ ಒಳಗೆ ಬರಬೇಕು, ಇಂಗಾಲದ ಡೈಆಕ್ಸೈಡ್ ಇದೇ ದಾರಿಯಲ್ಲಿ ಹೊರಗೆ ಹೋಗಬೇಕು. ಗಾಳಿಗೆ ತೆರೆದ ಬಾಗಿಲಲ್ಲಿ ನೀರಾವಿಯೂ ಹೊರಬೀಳುತ್ತದೆ, ಅದನ್ನು ಮಾತ್ರ ತಡೆಯಲು ಬರುವುದಿಲ್ಲ.

ಇದರ ಲೆಕ್ಕವನ್ನು ಸ್ಪಷ್ಟವಾಗಿ ಬಿಡಿಸಿಟ್ಟವರು ಅಮೆರಿಕದ ಬಫಲೋ ನಗರದ ವಿಶ್ವವಿದ್ಯಾಲಯದಲ್ಲಿದ್ದ ಹರ್ಮನ್ ರಾನ್ ಮತ್ತು ಅವರ ಜೊತೆಗಾರರಾದ ಏಮಸ್ ಆರ್, ಚಾರ್ಲ್ಸ್ ಪಗನೆಲಿ. ರಾನ್ ಮೂಲತಃ ಉಸಿರಾಟದ ವಿಜ್ಞಾನಿ. 1970ರ ದಶಕದಲ್ಲಿ ಇವರು ಬಗೆಬಗೆಯ ಹಕ್ಕಿಗಳ ತತ್ತಿಗಳನ್ನು ತೂಗಿ, ಅಳೆದು, ಚಿಪ್ಪಿನ ಮೂಲಕ ಎಷ್ಟು ಅನಿಲ ಹಾಯುತ್ತದೆಂದು ಲೆಕ್ಕ ಹಾಕಿದರು. 60 ಗ್ರಾಂ ಕೋಳಿತತ್ತಿ 21 ದಿನಗಳಲ್ಲಿ ಸುಮಾರು 6 ಲೀಟರ್ ಆಮ್ಲಜನಕ ಒಳಗೆ ತೆಗೆದುಕೊಳ್ಳುತ್ತದೆ, ಸುಮಾರು 4.5 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ, 11 ಲೀಟರ್‌ನಷ್ಟು ನೀರಾವಿ ಕಳೆದುಕೊಳ್ಳುತ್ತದೆ. ಆ ನೀರಾವಿಯನ್ನು ನೀರಾಗಿ ತೂಗಿದರೆ 9 ಗ್ರಾಂ ಹತ್ತಿರ, ಅಂದರೆ ತತ್ತಿಯ ತೂಕದ ಶೇಕಡಾ 15. ಸಣ್ಣ ಹಕ್ಕಿಯಿರಲಿ, ದೊಡ್ಡ ಹಕ್ಕಿಯಿರಲಿ, ಕಾವು 11 ದಿನದ್ದಿರಲಿ, ಎರಡು ತಿಂಗಳದ್ದಿರಲಿ, ಬಹುಪಾಲು ಹಕ್ಕಿಗಳಲ್ಲಿ ಈ ಪ್ರಮಾಣ ಸರಾಸರಿ ಇಷ್ಟೇ ಎಂಬುದು ಅವರ ಕೆಲಸದಿಂದ ಹೊರಬಂದ ಅಚ್ಚರಿ.

ಇಲ್ಲಿ ಇನ್ನೊಂದು ಸೊಗಸಿದೆ. 6 ಲೀಟರ್ ಆಮ್ಲಜನಕದ ತೂಕ ಸುಮಾರು 8.6 ಗ್ರಾಂ. 4.5 ಲೀಟರ್ ಇಂಗಾಲದ ಡೈಆಕ್ಸೈಡಿನ ತೂಕ ಸುಮಾರು 8.8 ಗ್ರಾಂ. ಒಳಬಂದದ್ದಕ್ಕೂ ಹೊರಹೋದದ್ದಕ್ಕೂ ಹೆಚ್ಚುಕಡಿಮೆ ಸರಿಹೋಯಿತು. ಹಾಗಾಗಿ ಕಾವಿನಲ್ಲಿರುವ ತತ್ತಿಯ ತೂಕ ಎಷ್ಟು ಇಳಿಯಿತೋ ಅಷ್ಟೂ ನೀರೇ ಎಂದು ಧೈರ್ಯವಾಗಿ ಹೇಳಬಹುದು. ತಕ್ಕಡಿಯ ಮೇಲೆ ನಂಬಿಕೆ ಇಡಲು ಇದಕ್ಕಿಂತ ಬೇರೆ ಆಧಾರ ಬೇಕಿಲ್ಲ.

ನೀರು ಹೋಗುವುದು ನಷ್ಟವೆಂದು ನಮಗೆ ತೋರುತ್ತದೆ. ತತ್ತಿಯ ಮಟ್ಟಿಗೆ ಅದು ಅಗತ್ಯ. ಮರಿ ಬೆಳೆಯಲು ಶಕ್ತಿ ಸಿಗುವುದು ಹಳದಿಯಲ್ಲಿನ ಕೊಬ್ಬಿನಿಂದ. 1 ಗ್ರಾಂ ಕೊಬ್ಬು ಮೈಯಲ್ಲಿ ಉರಿದರೆ 1 ಗ್ರಾಂಗಿಂತ ತುಸು ಹೆಚ್ಚೇ ನೀರು ಹುಟ್ಟುತ್ತದೆ. ಗಟ್ಟಿ ಪದಾರ್ಥ ಕರಗುತ್ತ ಹೋಗುತ್ತದೆ, ನೀರು ಕೂಡುತ್ತ ಹೋಗುತ್ತದೆ. ಹೆಚ್ಚಾದದ್ದು ಹೊರಗೆ ಹೋಗದಿದ್ದರೆ ಮರಿಯ ಮೈ ನೀರುಗಟ್ಟುತ್ತದೆ. ನೀರು ಸರಿಯಾಗಿ ಹೋದರೆ, ತತ್ತಿ ಇಟ್ಟ ದಿನ ಅದರಲ್ಲಿ ನೀರಿನ ಪಾಲು ಎಷ್ಟಿತ್ತೋ, ಹೊರಬಂದ ಮರಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎರಡನೆಯ ಕಾರಣ ಗಾಳಿಯ ಕೋಣೆ. ನೀರು ಹೋದ ಜಾಗಕ್ಕೆ ಗಾಳಿ ಬಂದು ಮೊಂಡು ತುದಿಯಲ್ಲಿ ಸೇರುತ್ತದೆ. 19ನೆಯ ದಿನದ ಹೊತ್ತಿಗೆ ಮರಿ ತನ್ನ ಕೊಕ್ಕಿನಿಂದ ಒಳಪೊರೆ ಚುಚ್ಚಿ ಈ ಕೋಣೆಗೆ ಮೂತಿ ಹಾಕುತ್ತದೆ. ಅದರ ಶ್ವಾಸಕೋಶ ಮೊದಲ ಬಾರಿಗೆ ಗಾಳಿ ಎಳೆಯುವುದು ಅಲ್ಲಿಂದ. ಚಿಪ್ಪು ಒಡೆಯುವ ತನಕ ಸುಮಾರು ಒಂದು ದಿನ ಅದೇ ಗಾಳಿಯಲ್ಲಿ ಬದುಕಬೇಕು. ಕೋಣೆ ಚಿಕ್ಕದಾಗಿದ್ದರೆ ಆ ಒಂದು ದಿನವೇ ಕೊನೆಯ ದಿನ.

ಒಡೆಯದೆ ಉಳಿದ ತತ್ತಿಗಳನ್ನು ಹಾಗೇ ತಿಪ್ಪೆಗೆ ಎಸೆಯಬೇಡಿ. ಮೊಂಡು ತುದಿಯ ಕಡೆಯಿಂದ ಒಡೆದು ನೋಡಿ. ಗಾಳಿಯ ಕೋಣೆ ಸಣ್ಣದು, ಮರಿ ಉಬ್ಬಿದೆ, ಕತ್ತಿನ ಹಿಂಭಾಗ ಊದಿದೆ, ಹೊಕ್ಕುಳು ಕೂಡಿಲ್ಲ, ಸುತ್ತ ಲೋಳೆನೀರು ಇದೆ ಎಂದಾದರೆ ತೇವ ಹೆಚ್ಚಾಗಿತ್ತು. ಕೋಣೆ ತೀರ ದೊಡ್ಡದು, ಮರಿ ಸಣಕಲು, ಪೊರೆ ಕಾಗದದಂತೆ ಒಣಗಿ ಗರಿಗೆ ಹತ್ತಿಕೊಂಡಿದೆ ಎಂದಾದರೆ ತೇವ ಸಾಲದಾಗಿತ್ತು. ಸತ್ತ ಮರಿಯೇ ಮುಂದಿನ ಸಲದ ಪಾಠ ಹೇಳುತ್ತದೆ.

ಇನ್ನು ನೀರು ಹೋಗುವ ವೇಗ ಯಾವುದರ ಮೇಲೆ ನಿಂತಿದೆ ಎಂಬುದು. ರಂಧ್ರಗಳ ಸಂಖ್ಯೆ ಕೋಳಿ ತತ್ತಿ ಇಟ್ಟ ದಿನವೇ ತೀರ್ಮಾನವಾಗಿಬಿಟ್ಟಿದೆ, ನಾವು ಬದಲಿಸಲಾರೆವು. ಒಳಗೆ ಗಾಳಿ ಯಾವಾಗಲೂ ತೇವದಿಂದ ತುಂಬಿರುತ್ತದೆ, ಶೇಕಡಾ 100. ಹೊರಗೆ, ಅಂದರೆ ಪೆಟ್ಟಿಗೆಯಲ್ಲಿ, ಎಷ್ಟಿದೆ ಎಂಬುದೊಂದೇ ನಮ್ಮ ಕೈಯಲ್ಲಿರುವುದು. ಒಳಗಿನ 100ಕ್ಕೂ ಹೊರಗಿನ ಅಂಕಿಗೂ ಇರುವ ಅಂತರ ಎಷ್ಟೋ, ನೀರು ಹೋಗುವ ವೇಗ ಅಷ್ಟು. ಪೆಟ್ಟಿಗೆಯಲ್ಲಿ ತೇವಾಂಶ 50 ಇದ್ದಾಗ 18 ದಿನಕ್ಕೆ ಶೇಕಡಾ 12 ತೂಕ ಕಳೆಯುವ ತತ್ತಿ, ತೇವಾಂಶ 70ಕ್ಕೆ ಏರಿದರೆ ಕಳೆಯುವುದು ಶೇಕಡಾ 7 ಮಾತ್ರ. ತೇವಾಂಶ 25ಕ್ಕೆ ಬಿದ್ದರೆ ಶೇಕಡಾ 18. ಕೋಳಿತತ್ತಿಗೆ 18ನೆಯ ದಿನಕ್ಕೆ ಶೇಕಡಾ 12ರ ಆಸುಪಾಸು, ಕೊಂಚ ಆಚೀಚೆ ಅಂದರೆ 10ರಿಂದ 14ರ ಒಳಗೆ ಇದ್ದರೆ ಚಿಂತೆಯಿಲ್ಲ. 7 ಮತ್ತು 18 ಎರಡೂ ಮರಿಗೆ ಕುತ್ತು.

ನಮ್ಮ ಕಡೆಯ ಹವೆಯಲ್ಲಿ ಈ ಲೆಕ್ಕ ಹಿಡಿದು ನೋಡಿದಾಗ ಎಲ್ಲರ ಎಣಿಕೆಯೂ ತಪ್ಪುತ್ತದೆ. ಹಾನಗಲ್ಲ ತಾಲ್ಲೂಕು ಅರೆಮಲೆನಾಡು. ಜುಲೈ ಬಂತೆಂದರೆ ಗದ್ದೆಯೆಲ್ಲ ನೀರು, ಗೋಡೆಯೂ ಬೆವರುತ್ತದೆ. 24 ಡಿಗ್ರಿ, ತೇವಾಂಶ 90 ಎಂದು ಹಿಡಿಯೋಣ. ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಬಿಸಿಯಾದಾಗ ಅದರ ತೇವಾಂಶ 42ಕ್ಕೆ ಇಳಿಯುತ್ತದೆ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯಬಲ್ಲದು, ಅದಕ್ಕೆ. ಒಂದು ಬಟ್ಟಲು ನೀರೂ ಇಡದೆ 42! ತತ್ತಿಗಳೇ ಹೊರಬಿಡುವ ಆವಿಯೂ ಸೇರಿ ಇನ್ನೆರಡು ಅಂಕಿ ಏರೀತು. ಅಷ್ಟು ಇರುವಾಗ, ಎಲ್ಲೋ ಓದಿದ್ದೆಂದು ಪೆಟ್ಟಿಗೆಯ ತಳದ ತಟ್ಟೆಗಳನ್ನೆಲ್ಲ ತುಂಬಿಸಿದರೆ ತೇವಾಂಶ 70 ಮುಟ್ಟುತ್ತದೆ, ಮರಿ ಮುಳುಗುತ್ತದೆ. ಮಳೆಗಾಲದಲ್ಲಿ ಕೊನೆಗೆ ಬಂದು ಸಾಯುವ ಮರಿಗಳಿಗೆ ಇದೇ ಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಏಪ್ರಿಲ್ ಮಧ್ಯಾಹ್ನ, ಸವಣೂರಿನ ಎರೆಭೂಮಿಯ ಕಡೆ. 36 ಡಿಗ್ರಿ, ತೇವಾಂಶ 25. ಪೆಟ್ಟಿಗೆಯೊಳಗೆ ಅದು 23. ನೀರಿಲ್ಲದೆ ನಡೆಯುವುದೇ ಇಲ್ಲ. ಇದನ್ನು ಎಲ್ಲರೂ ಊಹಿಸುತ್ತಾರೆ. ಊಹಿಸದೆ ಇರುವುದು ಜನವರಿ. ಬೆಳಗಿನ ಜಾವ ಇಬ್ಬನಿ ಬಿದ್ದಿರುತ್ತದೆ, ಕಡಲೆ ಗಿಡದ ಮೇಲೆ ಹಸಿ ನಿಂತಿರುತ್ತದೆ, ಗಾಳಿ ತೇವವಾಗಿದೆ ಎಂದೇ ನಮಗೆ ಅನಿಸುತ್ತದೆ. 15 ಡಿಗ್ರಿ, ತೇವಾಂಶ 80 ಎಂದಿಟ್ಟುಕೊಳ್ಳಿ. ಅದೇ ಗಾಳಿ ಪೆಟ್ಟಿಗೆಯಲ್ಲಿ ಬಿಸಿಯಾದರೆ ಬರೀ 21. ಬೇಸಿಗೆಗಿಂತಲೂ ಒಣ. ಚಳಿಗಾಲದಲ್ಲಿ ಮರಿಗಳು ಪೊರೆಗೆ ಅಂಟಿ ಸಾಯುವುದನ್ನು ಕಂಡು 'ಚಳಿಗೆ ಸತ್ತವು' ಎಂದು ಉಷ್ಣತೆ ಏರಿಸಿದರೆ ಇನ್ನಷ್ಟು ಒಣಗುತ್ತವೆ. ಹೊರಗಿನ ಹವೆ ಮೈಗೆ ಹೇಗೆ ತಾಗುತ್ತದೆ ಎಂಬುದನ್ನು ನೋಡಿ ನೀರಿಡಬಾರದು.

ಕಾವಿಗೆ ಕೂತ ಹೇಂಟೆ ಈ ಲೆಕ್ಕ ಯಾವುದನ್ನೂ ಕಲಿತಿಲ್ಲ, ಆದರೂ ಅದರ ಬುಟ್ಟಿಯಲ್ಲಿ ಎಷ್ಟೋ ಸಲ ಇಟ್ಟ ತತ್ತಿಯೆಲ್ಲ ಮರಿಯಾಗುತ್ತವೆ. ಹೊಟ್ಟೆಯಡಿ ಗರಿ ಉದುರಿ ಬರಿ ಚರ್ಮ ತತ್ತಿಗೆ ತಾಗುತ್ತದೆ. ದಿನಕ್ಕೊಮ್ಮೆ ಮೇವು ನೀರಿಗೆಂದು ಎದ್ದು ಹೋಗುವಾಗ ಗೂಡಿನ ಹಳೆಯ ಗಾಳಿ ಹೊರಗೆ ಹೋಗಿ ಹೊಸ ಗಾಳಿ ಬರುತ್ತದೆ. ಕೂತಲ್ಲೇ ತತ್ತಿ ಹೊರಳಿಸುತ್ತದೆ. ಕಾವು ಕೂತ ಕೋಳಿ ಏಳದಂತೆ ಬುಟ್ಟಿಯ ಮೇಲೆ ಕಲ್ಲು ಹೇರುವವರು ಅದರ ಈ ಕೆಲಸವನ್ನೇ ಕೆಡಿಸುತ್ತಾರೆ. ಹೊಲದಲ್ಲಿ ಬರಿ ನೆಲದ ಮೇಲೆ ತತ್ತಿ ಇಡುವ ಟಿಟ್ಟಿಭ ಇನ್ನೂ ಮುಂದೆ ಹೋಗಿದೆ. ಬಿಸಿಲು ಏರಿದಾಗ ಹತ್ತಿರದ ಹೊಂಡಕ್ಕೋ ಕಾಲುವೆಗೋ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ತತ್ತಿಯ ಮೇಲೆ ಕೂರುತ್ತದೆ. ತತ್ತಿ ತಂಪಾಗುತ್ತದೆ, ಸುತ್ತ ತೇವವೂ ಏರುತ್ತದೆ. ಹಾನಗಲ್ಲಿನ ಆನೆಕೆರೆಯಂಥ ಕೆರೆಗಳಲ್ಲಿ ಕಾಣುವ ಗುಳುಮುಳುಕದ ಕಥೆ ಇದಕ್ಕೆ ತಿರುಗುಮುರುಗು. ಅದರ ಗೂಡು ನೀರಿನ ಮೇಲೆ ತೇಲುವ ಜೊಂಡಿನ ರಾಶಿ, ಸದಾ ಒದ್ದೆ. ಅಂಥ ಜಾಗದಲ್ಲಿ ನೀರು ಕಳೆಯುವುದೇ ಕಷ್ಟ. ಹಾಗಾಗಿ ಈ ಕುಲದ ಹಕ್ಕಿಗಳ ಚಿಪ್ಪು ಬೇರೆ ಹಕ್ಕಿಗಳಿಗಿಂತ ಹೆಚ್ಚು ಆವಿ ಬಿಟ್ಟುಕೊಡುತ್ತದೆ. ಗೂಡಿಗೆ ತಕ್ಕ ಚಿಪ್ಪು.

ಹೆಚ್ಚು ತತ್ತಿಗೆಂದೇ ಸುಧಾರಿಸಿದ ತಳಿಗಳಲ್ಲಿ ಕಾವಿನ ಗುಣ ಕುಗ್ಗಿದೆ. ಪೆಟ್ಟಿಗೆಯ ಅಗತ್ಯ ಹೆಚ್ಚಿದ್ದು ಅದರಿಂದ. ಹೇಂಟೆ ತನ್ನಷ್ಟಕ್ಕೆ ಮಾಡುವುದನ್ನು ಪೆಟ್ಟಿಗೆಯಲ್ಲಿ ನಾವು ತೂಕ ನೋಡಿ ಮಾಡಬೇಕು.

ಕ್ರಮ ಹೀಗೆ. 1 ಗ್ರಾಂ ತೋರಿಸುವ ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಡುವ ದಿನ ಪ್ರತಿ ತತ್ತಿಯನ್ನೂ ತೂಗಿ ಅದರ ತೂಕವನ್ನು ಪೆನ್ಸಿಲ್‌ನಿಂದ ಚಿಪ್ಪಿನ ಮೇಲೇ ಬರೆಯಿರಿ. ಮುಂದೆ ಗೊಡ್ಡು ತತ್ತಿ ತೆಗೆದುಹಾಕಿದಾಗ ಲೆಕ್ಕ ತಪ್ಪುವುದಿಲ್ಲ. 30 ತತ್ತಿ, ಒಂದೊಂದು 45 ಗ್ರಾಂ, ಒಟ್ಟು 1350 ಗ್ರಾಂ ಎಂದುಕೊಳ್ಳಿ. ಅದರ ಶೇಕಡಾ 12 ಎಂದರೆ 162 ಗ್ರಾಂ. 18 ದಿನಕ್ಕೆ ಹಂಚಿದರೆ ದಿನಕ್ಕೆ 9 ಗ್ರಾಂ. 6ನೆಯ ದಿನ ತತ್ತಿಗಳೆಲ್ಲ ಸೇರಿ 1296, 12ನೆಯ ದಿನ 1242, 18ನೆಯ ದಿನ 1188 ಗ್ರಾಂ ತೂಗಬೇಕು.

ಜುಲೈನಲ್ಲಿ 6ನೆಯ ದಿನ ತೂಗಿದಾಗ 54ರ ಬದಲು 30 ಗ್ರಾಂ ಮಾತ್ರ ಇಳಿದಿದೆ ಎನ್ನಿ. ದಿನಕ್ಕೆ 5 ಗ್ರಾಂ ಆಯಿತು. ಪೆಟ್ಟಿಗೆಯಲ್ಲಿ ತೇವಾಂಶ 70ರ ಹತ್ತಿರ ಇದ್ದದ್ದರ ಫಲ. ತಡಮಾಡದೆ ನೀರಿನ ತಟ್ಟೆ ಪೂರ್ತಿ ತೆಗೆದು, ಗಾಳಿಯ ತೂತುಗಳನ್ನು ಬಿಡಿಸಿದರೆ ತೇವಾಂಶ 42ರ ಸುಮಾರಿಗೆ ಬರುತ್ತದೆ, ತೂಕ ದಿನಕ್ಕೆ 9.7 ಗ್ರಾಂನಂತೆ ಇಳಿಯುತ್ತದೆ. ಉಳಿದ 12 ದಿನಕ್ಕೆ 116 ಗ್ರಾಂ. ಮೊದಲಿನದೂ ಸೇರಿ 146, ಅಂದರೆ ಶೇಕಡಾ 11ರ ಹತ್ತಿರ. ಮರಿಗೆ ಅಷ್ಟು ಸಾಕು. 12ನೆಯ ದಿನದವರೆಗೆ ನೋಡದೆ ಬಿಟ್ಟಿದ್ದರೆ ತಿದ್ದಲು ದಾರಿಯೇ ಇರುತ್ತಿರಲಿಲ್ಲ.

ತೇವ ಹೆಚ್ಚಿಸಬೇಕಾದಾಗ ನೀರಿನ ಆಳ ಲೆಕ್ಕಕ್ಕಿಲ್ಲ, ಹರವು ಮುಖ್ಯ. ಒಂದು ಚೊಂಬು ನೀರಿಗಿಂತ ಒಂದು ಅಗಲ ತಟ್ಟೆ ಹೆಚ್ಚು ಆವಿ ಕೊಡುತ್ತದೆ, ತಟ್ಟೆಯಲ್ಲಿ ಒದ್ದೆ ಬಟ್ಟೆ ನಿಲ್ಲಿಸಿದರೆ ಇನ್ನೂ ಹೆಚ್ಚು. ಕಡಿಮೆ ಮಾಡಲು ತಟ್ಟೆ ಸಣ್ಣದು ಮಾಡಿ. ಗಾಳಿಯ ತೂತು ಮುಚ್ಚಿ ತೇವ ಉಳಿಸುವ ಉಪಾಯ ಮಾತ್ರ ಬೇಡ, ಆಮ್ಲಜನಕವೂ ನಿಲ್ಲುತ್ತದೆ. ಪೇಟೆಯಲ್ಲಿ ಸಿಗುವ ಅಗ್ಗದ ತೇವಮಾಪಕಗಳು ತಪ್ಪು ತೋರಿಸುವುದು ಹೆಚ್ಚು. ಪರೀಕ್ಷೆ ಸುಲಭ: ಒಂದು ಮುಚ್ಚಳಕ್ಕೆ ಅಡಿಗೆ ಉಪ್ಪು ಹಾಕಿ, ಕರಗಿಹೋಗದಂತೆ ನಾಲ್ಕು ಹನಿ ನೀರು ಬೆರೆಸಿ ಕೆಸರಿನಂತೆ ಮಾಡಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮಾಪಕ 7 ಕಡಿಮೆ ಹೇಳುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ತತ್ತಿಯ ಮೊಂಡು ತುದಿ ಹಿಡಿದರೆ ಗಾಳಿಯ ಕೋಣೆಯ ಗೆರೆ ನಿಚ್ಚಳವಾಗಿ ಕಾಣುತ್ತದೆ. 7, 14, 18ನೆಯ ದಿನ ಪೆನ್ಸಿಲ್‌ನಿಂದ ಆ ಗೆರೆ ಎಳೆಯುತ್ತ ಬನ್ನಿ. 18ನೆಯ ದಿನಕ್ಕೆ ಕೋಣೆ ತತ್ತಿಯ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಕಾಣಬೇಕು. ತಕ್ಕಡಿ ಹೇಳಿದ್ದನ್ನು ಇದು ಕಣ್ಣಿಗೆ ತೋರಿಸುತ್ತದೆ.

ಹಳ್ಳಿಗಳಲ್ಲಿ ಕೊನೆಗೊಮ್ಮೆ ತತ್ತಿಯನ್ನು ಉಗುರುಬೆಚ್ಚಗಿನ ನೀರಿಗೆ ಬಿಟ್ಟು, ಅಲುಗಾಡಿದರೆ ಮರಿಯಿದೆ ಎನ್ನುವ ರೂಢಿಯುಂಟು. ಅಲುಗಾಟ ಜೀವದ ಗುರುತು ಹೌದು. ತೇಲುವುದು ಮಾತ್ರ ಜೀವದ ಗುರುತಲ್ಲ. ತತ್ತಿಯ ಗಾತ್ರ ಬದಲಾಗದೆ ತೂಕ ಶೇಕಡಾ 8ರಷ್ಟು ಇಳಿದರೆ ಗೊಡ್ಡು ತತ್ತಿಯೂ ತೇಲುತ್ತದೆ. ಈ ಪರೀಕ್ಷೆ ನನಗೆ ಒಪ್ಪಿಗೆಯಿಲ್ಲ: ಚಿಪ್ಪು ಎಲ್ಲಾದರೂ ಸೀಳಿದ್ದರೆ ನೀರು ಒಳಗಿಳಿದು ಮರಿ ಸಾಯುತ್ತದೆ, ರಂಧ್ರಗಳ ಮೂಲಕ ಕೊಳಕೂ ಸೇರುತ್ತದೆ. ಟಾರ್ಚು ಇರುವಾಗ ನೀರಿನ ಬೋಗುಣಿ ಯಾಕೆ?

ಕಾವಿಗಿಡುವ ಮುನ್ನವೂ ತತ್ತಿ ನೀರು ಕಳೆಯುತ್ತಲೇ ಇರುತ್ತದೆ. ಅದನ್ನು ತೊಳೆಯಬಾರದು. ಚಿಪ್ಪಿನ ಮೇಲಿನ ತೆಳು ಲೇಪ ಹೋದರೆ ನೀರು ಬೇಗ ಹೋಗುತ್ತದೆ, ರೋಗಾಣು ಬೇಗ ಬರುತ್ತದೆ. 7 ದಿನಕ್ಕಿಂತ ಹೆಚ್ಚು ಕೂಡಿಡಬಾರದು. ಬೇಸಿಗೆಯಲ್ಲಿ ಒದ್ದೆ ಮರಳಿನಲ್ಲಿ ಅರ್ಧ ಹೂತ ಮಣ್ಣಿನ ಗಡಿಗೆ ಒಳ್ಳೆಯ ಜಾಗ. ಗುಡುಗು ಸಿಡಿಲಿಗೆ ತತ್ತಿ ಕೆಡುತ್ತವೆಂದು ಬುಟ್ಟಿಯಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುತ್ತಾರೆ. ಗುಡುಗಿನ ತಿಂಗಳಾದ ಏಪ್ರಿಲ್, ಮೇನಲ್ಲಿ ತತ್ತಿ ಕೆಡುವುದು ನಿಜ. ಆದರೆ ಅದಕ್ಕೆ ಕಾರಣ ಕಾದ ಹೆಂಚಿನ ಕೆಳಗೆ ಕೂಡಿಟ್ಟ ತತ್ತಿ ಕಾವಿಗೆ ಮೊದಲೇ ಅರೆಬರೆ ಬೆಳೆದು ಸಾಯುವುದು.

18 ದಿನ ಮುಗಿದ ಮೇಲೆ ನಿಯಮ ಬದಲಾಗುತ್ತದೆ. ಹೊರಳಿಸುವುದು ನಿಲ್ಲಿಸಿ, ತೇವಾಂಶ 65ರಿಂದ 70ಕ್ಕೆ ಏರಿಸಿ. ಮಳೆಗಾಲದಲ್ಲೂ ಈಗ ತಟ್ಟೆ ತುಂಬಬೇಕು. ಹೋಗಬೇಕಾದ ನೀರು ಹೋಗಿ ಆಗಿದೆ. ಇನ್ನು ಮರಿ ಚಿಪ್ಪಿಗೆ ತೂತು ಹಾಕಿದ ಕೂಡಲೇ ಅಲ್ಲಿಂದ ಒಣ ಗಾಳಿ ಹೊಕ್ಕು ಪೊರೆಯನ್ನು ಬಿಗಿಯಬಾರದು. ಬಟ್ಟೆ ಒಣಗಿದಷ್ಟೇ ಬೇಗ ಪೊರೆಯೂ ಒಣಗುತ್ತದೆ. ಕುತೂಹಲಕ್ಕೆ ಮುಚ್ಚಳ ತೆಗೆದರೆ ಕೂಡಿದ ತೇವವೆಲ್ಲ ಒಮ್ಮೆಗೇ ಹೊರಟುಹೋಗುತ್ತದೆ. ಮೊದಲು ಬಂದ ಮರಿ ಹೊಟ್ಟೆಯಲ್ಲಿ ಹಳದಿಯ ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ, ಒಂದು ದಿನ ಮೇವು ನೀರಿಲ್ಲದೆ ಇರಬಲ್ಲದು. ಉಳಿದವು ಬರುವ ತನಕ ಪೆಟ್ಟಿಗೆ ತೆರೆಯಬೇಡಿ. ತೂತು ಹಾಕಿ ಸುಮ್ಮನಾದ ಮರಿಯನ್ನು ಕಂಡು ಚಿಪ್ಪು ಸುಲಿಯಲು ಕೈ ಹಾಕಬೇಡಿ. ಪೊರೆಯ ರಕ್ತನಾಳಗಳಲ್ಲಿ ಇನ್ನೂ ರಕ್ತ ಇರುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹವೆ ಒಂದೇ ಅಲ್ಲ, ನಿಮ್ಮ ಪೆಟ್ಟಿಗೆಯಂಥದೇ ಇನ್ನೊಂದು ಪೆಟ್ಟಿಗೆಯೂ ಇಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಇಡಿ. ತಿಂಗಳು, ಹೊರಗಿನ ಹವೆ, ತಟ್ಟೆಯ ಅಗಲ, 6, 12, 18ನೆಯ ದಿನದ ತೂಕ, ಬಂದ ಮರಿ, ಸತ್ತ ಮರಿಯ ಲಕ್ಷಣ, ಇಷ್ಟು ಬರೆಯಿರಿ. ಮರಿ ಕಡಿಮೆ ಬಂದ ಸಲ ಆ ನೋಟ್‌ಬುಕ್ ಹಿಡಿದು ನಿಮ್ಮ ಪಶುವೈದ್ಯರ ಬಳಿಗೋ ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ತೂಕದ ಅಂಕಿ ಮುಂದಿಟ್ಟರೆ ಅವರು ಕಾರಣ ಹುಡುಕುವುದು ಸುಲಭ.